ಫಾರ್ಮಿನಲ್ಲಿ ಜಾಗವಿಲ್ಲದ ದೊಡ್ಡಮ್ಮ

ಲವರ್ನ್ ಪೆಟಿಗ್ರೂ ಆ ವರದಿಯನ್ನು ಎರಡು ಸಲ ಓದಿದಳು. ಎರಡನೆಯ ಸಲ ಎದ್ದು ನಿಂತು ಓದಿದಳು, ಕೂತು ಓದಲು ಮೈ ಒಪ್ಪಲಿಲ್ಲ.

'ಇಮಾರಿ ಕೋಲ್ಸ್, ಹದಿನೈದು ವರ್ಷ. ಏಳು ವಾರಗಳಲ್ಲಿ ಕುಟುಂಬದವರು ಒಮ್ಮೆಯೂ ಭೇಟಿ ಮಾಡಿಲ್ಲ. ಕುಟುಂಬಕ್ಕೆ ಆಸಕ್ತಿ ಇಲ್ಲ. ಹುಡುಗಿಯನ್ನು ಒಂಬತ್ತು ತಿಂಗಳು ರಾಜ್ಯದ ಉತ್ತರದ ವಸತಿ ಕೇಂದ್ರಕ್ಕೆ ಕಳಿಸುವುದು ಸೂಕ್ತ.' ಅದರ ಕೆಳಗೆ ಲವರ್ನ್ ಸಹಿ ಹಾಕಲೆಂದು ಗೆರೆ ಎಳೆದಿಟ್ಟಿದ್ದರು.

ಕೌಂಟಿಯ ಬಾಲನ್ಯಾಯ ಕಚೇರಿಯಲ್ಲಿ ಅವಳ ಹುದ್ದೆಯ ಹೆಸರು ಬಾಗಿಲ ಫಲಕದ ಮೇಲೆ ಎರಡು ಸಾಲು ಹಿಡಿಯುತ್ತಿತ್ತು. ಅರ್ಥ ಮಾತ್ರ ಇಷ್ಟೇ: ಬಂಧನ ಗೃಹಕ್ಕೆ ಬರುವ ಕಪ್ಪು ಜನರ ಮಕ್ಕಳಿಗೆ ಅವರ ಮನೆ, ಚರ್ಚು, ಓಣಿ ಬಲ್ಲವರಿಂದಲೇ ನೆರವು ಸಿಗುವಂತೆ ನೋಡಿಕೊಳ್ಳುವುದು. ಒಂದೂವರೆ ವರ್ಷದಲ್ಲಿ ಮೇಲಧಿಕಾರಿ ಕ್ರೇಗ್ ಹಾಲ್ವರ್ಸನ್ ಅವಳು ಕೇಳಿದ್ದನ್ನೆಲ್ಲ ತಳ್ಳಿಹಾಕಿ, ಕೇಳದ ಒಂದನ್ನು ಕೊಟ್ಟಿದ್ದ. ಕಪ್ಪು ಜನರ ಸಂಸ್ಕೃತಿಯ ಹೆಸರಲ್ಲಿ ಬೇರೆ ರಾಜ್ಯದಿಂದ ಡೋಲು ಬಾರಿಸುವವರು ಬಂದು, ಒಂದು ಮಧ್ಯಾಹ್ನ ಬಾರಿಸಿ, ಹೋದರು.

ಅವಳು ವರದಿಯನ್ನು ಮಡಿಚಿಕೊಂಡು ಇಮಾರಿಯ ಬಳಿ ಹೋದಳು. ಶಾಲೆಯ ಊಟದ ಮನೆಯ ಜಗಳದಲ್ಲಿ, ತನ್ನ ಕುತ್ತಿಗೆ ಹಿಡಿದ ಕಾವಲುಗಾರನ ಮೇಲೆ ತಟ್ಟೆ ಎಸೆದಿದ್ದ ಹುಡುಗಿ ಅದು. ಏಳು ವಾರ ಬಿಚ್ಚಿ ಹೆಣೆಯದ ಜಡೆಗಳು ಬುಡದಲ್ಲಿ ಗಂಟುಗಟ್ಟಿದ್ದವು.

"ನಿನ್ನ ಸಾಕಿದ್ದು ಯಾರಮ್ಮ?"

"ದೊಡ್ಡಮ್ಮ. ಹಿರಿಯಳು ಅಂತ ಮದರ್ ಗ್ರೈಮ್ಸ್ ಅಂತಾರೆ ಚರ್ಚಲ್ಲಿ."

"ಅವರು ಬರಲಿಲ್ವಾ?"

"ಪ್ರತಿ ಭಾನುವಾರ ಇಲ್ಲಿಯವರನ್ನ ಕೇಳ್ದೆ. ಯಾರೂ ಬಂದಿಲ್ಲ ಅಂದ್ರು. ಆಮೇಲೆ ಕೇಳೋದೇ ಬಿಟ್ಟೆ." ಹುಡುಗಿ ಉಗುರು ಕಚ್ಚಿದಳು. "ಹೆತ್ತವಳೇ ಬಿಟ್ಟು ಹೋದ್ಲು. ಇವಳಿಗೇನು ಹಣೆಬರಹ? ಸಾಕಾಗಿರುತ್ತೆ, ಬಿಡಿ."

ಅಂದೇ ಸಂಜೆ ಲವರ್ನ್ ಆ ಮನೆಯ ಬಾಗಿಲು ತಟ್ಟಿದಳು. ಒಫೀಲಿಯಾ ಗ್ರೈಮ್ಸ್‌ಗೆ ಎಪ್ಪತ್ತೆರಡು. ಶಾಲೆಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ಮಂಡಿ ಸವೆಸಿಕೊಂಡವಳು. ಮಡಿಲಲ್ಲಿ ಬೀನ್ಸ್ ಹಾಕಿಕೊಂಡು ನಾರು ತೆಗೆಯುತ್ತಿದ್ದಳು. ವರದಿಯ ಮಾತು ಕೇಳಿದ್ದೇ ಅವಳ ಕೈ ನಿಂತಿತು.

"ನಾನು ಹೋಗ್ಲಿಲ್ವಾ? ಐದು ಭಾನುವಾರ ಹೋದೆ. ಎರಡು ಬಸ್ಸು ಹತ್ತಿ. ಚರ್ಚಿನ ಟೋಪೀನೂ ತೆಗೀದೆ ಹೋದೆ, ಮರ್ಯಾದಸ್ಥರು ಅಂತ ಗೊತ್ತಾಗ್ಲಿ ಅಂತ."

"ಗೇಟಲ್ಲಿ ಏನಂದ್ರು ಅಮ್ಮ?"

"ಅವಳಿಗೆ ಏನಾಗ್ಬೇಕು ನೀವು ಅಂದ. ದೊಡ್ಡಮ್ಮ ಅಂದೆ. ತಾಯಿಯ ಅಕ್ಕನಾ ಅಂದ. ಅಲ್ಲ ಅಂದೆ. ತಂದೆ ಕಡೆಯವರಾ? ಅಲ್ಲ. ಹಾಗಾದ್ರೆ ಏನೂ ಅಲ್ಲ ಬಿಡಿ ಅಂದ. ಮೊದಲನೇ ಸಲ ಸಿಟ್ಟು ಬಂತು. ಐದನೇ ಸಲ ನಾಚಿಕೆ ಆಯ್ತು. ಹಿಂದೆ ಸಾಲಲ್ಲಿ ಜನ ನಿಂತಿದ್ರು."

ಇಮಾರಿಯ ತಾಯಿ ಮಹಡಿಯ ಮೇಲೆ ಬಾಡಿಗೆಗಿದ್ದವಳು. ಎರಡು ದಿನ ನೋಡಿಕೊಳ್ಳಿ ಎಂದು ಮೂರು ವರ್ಷದ ಮಗುವನ್ನು ಬಿಟ್ಟು ಹೋದವಳು ತಿರುಗಿ ಬರಲಿಲ್ಲ.

"ಕೋರ್ಟಿನ ಕಾಗದ ಏನಾದ್ರೂ ಮಾಡಿಸಿದ್ರಾ?" ಲವರ್ನ್ ಮೆಲ್ಲಗೆ ಕೇಳಿದಳು.

"ಹಸಿದ ಮಗು ಬಾಗಿಲಲ್ಲಿ ನಿಂತಾಗ ಗ್ರಿಟ್ಸ್ ಗಂಜಿ ಬೇಯಿಸ್ತಾರೋ, ವಕೀಲನ್ನ ಹುಡುಕ್ತಾರೋ?"

ಮರುದಿನ ಬೆಳಗ್ಗೆ ಲವರ್ನ್ ನೇರ ಬಂಧನ ಗೃಹದ ಗೇಟಿಗೆ ಹೋಗಿ ಭೇಟಿಯವರ ಪುಸ್ತಕ ಕೇಳಿದಳು. ಐದು ಭಾನುವಾರ, ಐದು ಸಾಲು. ಒಂದೇ ದುಂಡಕ್ಷರದಲ್ಲಿ 'ಒಫೀಲಿಯಾ ಗ್ರೈಮ್ಸ್, ದೊಡ್ಡಮ್ಮ'. ಪ್ರತಿ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ 'ಕುಟುಂಬವಲ್ಲ'. ಲವರ್ನ್ ಪುಸ್ತಕವನ್ನು ಗೇಟಿನವನ ಕಡೆ ತಿರುಗಿಸಿದಳು.

"ಈ ಕೆಂಪು ಶಾಯಿ ನಿನ್ನದಾ, ಡೆಲ್ರಾಯ್?"

ಗೇಟಿನವನೂ ಅವಳದೇ ಓಣಿಯ ಕಡೆಯವನು. ತಲೆ ಎತ್ತಲಿಲ್ಲ. "ಹೇಳಿದ್ದು ಮಾಡ್ದೆ ಅಕ್ಕ. ತಾಯಿ, ತಂದೆ, ಕಾನೂನಿನ ಪಾಲಕರು. ಫಾರ್ಮಲ್ಲಿರೋದು ಇಷ್ಟೇ."

"ನಿನ್ನ ಸಾಕಿದ್ದು ಯಾರು?"

"ಅಜ್ಜಿ."

"ನೀನು ಒಳಗಿದ್ದಿದ್ರೆ ಆಕೇನ ಬಿಡ್ತಿದ್ರಾ?"

ಅವನು ಪುಸ್ತಕ ತೆಗೆದುಕೊಂಡು ಹೋಗಿ, ತಾನೇ ಐದೂ ಹಾಳೆಗಳ ಜೆರಾಕ್ಸ್ ಮಾಡಿ ತಂದುಕೊಟ್ಟ.

ಹಾಲ್ವರ್ಸನ್ ಹಾಳೆಗಳನ್ನು ನೋಡಿ ಕನ್ನಡಕ ಸರಿಪಡಿಸಿಕೊಂಡ. "ಲವರ್ನ್, ಇದನ್ನ ಮನಸ್ಸಿಗೆ ಹಚ್ಕೋಬೇಡಿ. ನಿಯಮದ ಪ್ರಕಾರ ನೋಡಿದ್ರೆ ಕುಟುಂಬದವರು ಬಂದಿಲ್ಲ ಅನ್ನೋದು ಸರಿಯೇ."

"ಬಂದವರನ್ನ ಗೇಟಲ್ಲೇ ಅಟ್ಟಿ, ಬರಲಿಲ್ಲ ಅಂತ ಬರೆದಿದ್ದೀರಿ. ನಮ್ಮ ಓಣೀಲಿ ಇದಕ್ಕೆ ಸುಳ್ಳು ಅಂತಾರೆ. ನಿಮ್ಮ ಕಡೆ ಏನಂತಾರೋ ಗೊತ್ತಿಲ್ಲ."

"ನಿಮ್ಮ ಸಹಿ ಇಲ್ಲದಿದ್ರೂ ವರದಿ ಕೋರ್ಟಿಗೆ ಹೋಗುತ್ತೆ."

"ಹೋಗ್ಲಿ. ನಾನೂ ಹೋಗ್ತೀನಿ."

ಅವಳು ಹಾಳೆಗಳನ್ನು ಇಮಾರಿಯ ಪರ ಸರ್ಕಾರ ನೇಮಿಸಿದ್ದ ವಕೀಲೆಯ ಕೈಗಿಟ್ಟಳು. ಮಂಗಳವಾರ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಮದರ್ ಗ್ರೈಮ್ಸ್ ನೇರಳೆ ಟೋಪಿ ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಇಮಾರಿಯನ್ನು ಕರೆತಂದಾಗ ಹುಡುಗಿ ನೆಲ ನೋಡುತ್ತಲೇ ಬಂದಳು.

ನ್ಯಾಯಾಧೀಶೆ ವಿಟ್‌ಲಾಕ್ ವರದಿಯನ್ನೂ ಜೆರಾಕ್ಸ್ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ಆಮೇಲೆ ಹಾಲ್ವರ್ಸನ್ ಕಡೆ ತಿರುಗಿದರು. "ಐದು ಸಲ ಬಂದವರನ್ನ ಆಸಕ್ತಿ ಇಲ್ಲದವರು ಅಂತ ನನ್ನ ಮುಂದೆ ಇಟ್ಟಿದ್ದೀರಿ."

ಇಮಾರಿ ತಲೆ ಎತ್ತಿದಳು.

"ಶ್ರೀಮತಿ ಗ್ರೈಮ್ಸ್ ಇದ್ದಾರಾ? ನೀವು ಈ ಹುಡುಗಿಗೆ ಏನಾಗ್ಬೇಕು?"

"ಐದು ಸಲ ಹೇಳಿ ನನ್ನ ಬಾಯಿ ಸೋತಿದೆ ತಾಯಿ," ಎಂದಳು ಮುದುಕಿ. "ಈ ಸಲ ಅವಳನ್ನೇ ಕೇಳಿ."

ಇಮಾರಿ ಹಿಂದಕ್ಕೆ ತಿರುಗಿ, "ಬಂದಿದ್ದಾ ನೀನು?" ಎಂದಳು.

"ಐದು ಸಲ ಕಣೇ."

ಹುಡುಗಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಕೋರ್ಟಿನ ಪೊಲೀಸಿನವನು ಒಂದು ಹೆಜ್ಜೆ ಮುಂದಿಟ್ಟ. ನ್ಯಾಯಾಧೀಶೆ ಕೈ ಎತ್ತಿ ತಡೆದರು. ಅಂದೇ ಇಮಾರಿಯನ್ನು ಗ್ರೈಮ್ಸ್ ಮನೆಗೆ ಕಳಿಸಲು ಆದೇಶವಾಯಿತು. ವಾರಕ್ಕೊಮ್ಮೆ ಅಧಿಕಾರಿಯ ಮುಂದೆ ಹಾಜರಾಗಬೇಕು, ಶಾಲೆ ತಪ್ಪಿಸಬಾರದು, ಅಷ್ಟೇ.

ಹೊರಗೆ ಮುದುಕಿ ಹುಡುಗಿಯ ತಲೆ ಮುಟ್ಟಿ ನೋಡಿ, "ಇದೇನೇ ಇದು, ಗುಬ್ಬಿ ಗೂಡು. ಮನೆಗೆ ನಡಿ, ಮೊದಲು ಎಣ್ಣೆ ಹಚ್ತೀನಿ," ಎಂದು ಗದರುತ್ತಿದ್ದಳು. ಲವರ್ನ್ ನಕ್ಕಳು, ಆದರೆ ಎದೆ ಹಗುರಾಗಲಿಲ್ಲ. ಇಮಾರಿ ಹೊರಗೆ ಬಂದಿದ್ದಳು, ಫಾರ್ಮು ಹಾಗೆಯೇ ಇತ್ತು.

ಲವರ್ನ್ ಕಳೆದ ಎರಡು ವರ್ಷದ ಗೇಟಿನ ಪುಸ್ತಕಗಳನ್ನು ತರಿಸಿ ಒಂದು ವಾರ ಕೂತು ಓದಿದಳು. ಕೆಂಪು ಶಾಯಿಯ ಸಾಲು ಅರವತ್ತಮೂರು. ಅಣ್ಣನ ಹೆಂಡತಿ, ಪಕ್ಕದ ಮನೆಯವರು, ಪಾದ್ರಿ, ಬಾಸ್ಕೆಟ್‌ಬಾಲ್ ಕೋಚ್, ತಾಯಿಯ ಗೆಳತಿ. ಅಷ್ಟೂ ಮಕ್ಕಳ ವರದಿಯಲ್ಲಿ ಅದೇ ಮಾತು, 'ಆಸಕ್ತಿ ಇಲ್ಲ'. ಹನ್ನೊಂದು ಮಕ್ಕಳು ಇನ್ನೂ ಉತ್ತರದ ಕೇಂದ್ರದಲ್ಲೇ ಇದ್ದರು. ಅವಳು ಪಟ್ಟಿಯನ್ನು ಅವರೆಲ್ಲರ ವಕೀಲರಿಗೂ ನ್ಯಾಯಾಧೀಶೆಗೂ ಕಳಿಸಿದಳು.

ಮೂರನೇ ದಿನ ಹಾಲ್ವರ್ಸನ್ ಎಚ್ಚರಿಕೆಯ ಪತ್ರ ಹಿಡಿದು ಬಂದ. ಕಚೇರಿಯ ದಾಖಲೆಯನ್ನು ಅನುಮತಿಯಿಲ್ಲದೆ ಹೊರಗೆ ಕೊಟ್ಟಿದ್ದಕ್ಕೆ ಕಾರಣ ಕೊಡಬೇಕಂತೆ. "ಕೆಲಸ ಹೋಗಬಹುದು ಲವರ್ನ್," ಎಂದ, ದನಿಯಲ್ಲಿ ಮರುಕ ತುಂಬಿಕೊಂಡು.

"ಹೋಗೋತನಕ ಮಾಡ್ತೀನಿ," ಎಂದು ಅವಳು ಗೇಟಿನಿಂದ ವಾಪಸಾದವರ ಪಟ್ಟಿಯಲ್ಲಿ ಎರಡನೆಯ ಹೆಸರಿಗೆ ಫೋನ್ ಹಚ್ಚಿದಳು.