ಅಮಾವಾಸ್ಯೆಗೆ ನಿಲ್ಲುವ ಮೋಟಾರು

ಓವರ್‌ಸೀಯರ್ ತ್ರ್ಯಂಬಕರಾಯರು ಪಂಪ್‌ಹೌಸಿನ ರಜಿಸ್ಟರಿನ ಹಾಳೆ ತಿರುವುತ್ತಿದ್ದರೆ ಪಂಪು ನಡೆಸುವ ವೀರಪ್ಪ ಪಕ್ಕದಲ್ಲಿ ನಿಂತಿದ್ದ. ಮೋಟಾರು ಚಾಲೂ ಆದದ್ದು, ನಿಂತದ್ದು, ಕರೆಂಟಿನ ಮೀಟರಿನ ಮುಳ್ಳು ತೂಗಾಡಿದ್ದು, ಎಲ್ಲವನ್ನೂ ಆತ ತನ್ನ ಸೊಟ್ಟ ಅಕ್ಷರಗಳಲ್ಲಿ ದಿನವೂ ಬರೆದಿಡುತ್ತಿದ್ದ. ‘ಕಾರಣ’ ಎಂಬ ಕಡೆಯ ಕಾಲಮ್ಮಿನಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೂ ಒಂದೇ ಮಾತು: ಗೊತ್ತಿಲ್ಲ.

"ಹೆಣ್ಣುಮಕ್ಕಳು ಖಾಲಿ ಕೊಡ ಹಿಡಕೊಂಡು ನನ್ನ ಮನಿ ಮುಂದ ಬಂದು ಕೂಡ್ಲಿಕ್ಕೆ ಹತ್ಯಾರೋ ವೀರಪ್ಪಾ," ಎಂದರು ರಾಯರು. "ಮ್ಯಾಲಿನವರು ನಿನ್ನ ತಗದು ಬ್ಯಾರೆದವನ್ನ ಹಾಕು ಅಂತಾರ. ನಿದ್ದಿ ಹೊಡೀತಾನ ಅಂತಾರ."

"ಎಲ್ಲಮ್ಮನಾಣಿ, ಕಣ್ಣು ಮುಚ್ಚಿಲ್ರಿ ಸಾಹೇಬ್ರ. ತಾನ ನಿಲ್ಲತೈತ್ರಿ. ಬಿಸಿ ಆರಿದ ಮ್ಯಾಲೆ ಪಂಪಿಗೆ ನೀರು ತುಂಬಿ ಚಾಲೂ ಮಾಡಿದ್ರ ಏನೂ ಆಗಿಲ್ಲೇನೋ ಅನ್ನೂಹಂಗ ಓಡತೈತ್ರಿ."

ಅದು ಸುಳ್ಳಲ್ಲ. ಫ್ಯೂಜು, ಬೇರಿಂಗು ಎಲ್ಲ ಬದಲಾಗಿದ್ದವು. ನೀರೆಳೆಯುವ ಪೈಪಿನ ತುದಿಯ ಜಾಳಿಗೆಯನ್ನು ಮೇಲೆತ್ತಿ ನೋಡಿದಾಗಲೆಲ್ಲ ಅದು ಸ್ವಚ್ಛವಾಗಿಯೇ ಇರುತ್ತಿತ್ತು. ವೀರಪ್ಪನಿಗೆ ಈ ನೌಕರಿ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಡ್ಯಾಮಿನ ನೀರು ಏರಿ ಹಳೆ ಊರನ್ನೂ ಹೊಲವನ್ನೂ ನುಂಗಿದ ಮೇಲೆ ಕೈಗೆ ಸಿಕ್ಕದ್ದು ಇದೊಂದೇ. ತನ್ನ ಹೊಲ ನುಂಗಿದ ನೀರನ್ನೇ ಎತ್ತಿ ಮಂದಿಗೆ ಕುಡಿಸುವ ಕೆಲಸ ಎಂದು ಒಮ್ಮೊಮ್ಮೆ ತಾನೇ ನಗಾಡುತ್ತಿದ್ದ.

ರಾಯರದು ವೈದಿಕ ಮನೆತನ. ಪ್ಯಾಂಟು ತೊಟ್ಟು ಸೈಕಲ್ ತುಳಿದರೂ ಪಂಚಾಂಗ ನಾಲಿಗೆಯ ಮೇಲಿತ್ತು. ತಾರೀಖು ಓದುತ್ತ ಓದುತ್ತ ಅವರ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ತಾನಾಗಿ ಓಡತೊಡಗಿತು.

"ಇದು ಮಾನಮಿ ಅಮಾಸಿ. ಇದು ದೀವಳಿಗಿ. ಇದು ಛಟ್ಟಿ ಅಮಾಸಿ. ಎಲಾ ಇವನ! ನಿನ್ನ ಮೋಟಾರು ಅಮಾಸಿಗೊಮ್ಮೆ ನಿಲ್ಲಲಿಕ್ಕೆ ಹತ್ತದಲ್ಲೋ!" ಅವರು ಹಳೆಯ ಹಾಳೆಗಳಿಗೆ ಹೋದರು. ಅಲ್ಲಿ ಮೋಟಾರು ನಿಂತಿರಲಿಲ್ಲ, ಆದರೆ ಪ್ರತಿ ಅಮಾವಾಸ್ಯೆಗೂ ಮುಳ್ಳು ತೂಗಾಡಿತ್ತು. "ಮೊದಲ ಬರೇ ಅಲ್ಲಾಡ್ತಿತ್ತು, ಈಗ ನಿಲ್ಲತದ. ನೀರಾಗ ಏನೋ ಬಂದು ಜಾಳಿಗಿಗೆ ಅಂಟತದ. ಮೋಟಾರು ನಿಂತು ಎಳೆತ ತಪ್ಪಿದ ಕೂಡ್ಲೆ ಅದೂ ಬಿಟ್ಟು ಹೋಗ್ತದ, ಅದಕ್ಕ ನಮಗ ಸಿಗವಲ್ತು. ಬರಬರತಾ ದೊಡ್ಡದಾಗಲಿಕ್ಕೆ ಹತ್ತದ ನೋಡು."

"ಇವತ್ತ ಎಳ್ಳಮಾಸೀರಿ," ಎಂದ ವೀರಪ್ಪ.

"ಹೌದಲ್ಲ, ಸರಿಯಾದ ದಿನಾನ ಬಂದೀನಿ. ನಿಂತ ಕ್ಷಣಾನ ಮುಳುಗಿ ಹಿಡಿ."

ಸುತ್ತಲಿನ ಊರುಗಳ ಮಂದಿಯೆಲ್ಲ ಭೂಮಿತಾಯಿಗೆ ನೈವೇದ್ಯವೆಂದು ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋದ ದಿನ ಅದು. ಇಳಿಹೊತ್ತಿಗೆ ಮುಳ್ಳು ತೂಗಾಡಿತು. ಮೋಟಾರಿನ ಸದ್ದು ತೆಳ್ಳಗಾಗಿ, ಕಮರು ವಾಸನೆ ಎದ್ದು, ಸ್ಟಾರ್ಟರು ಖಟ್ಟೆಂದು ಬಿದ್ದು ಎಲ್ಲ ನಿಂತಿತು. ವೀರಪ್ಪ ನೀರಿಗೆ ಹಾರಿದ.

ಮೇಲೆ ಬಂದಾಗ ಆತನ ಕೈಯಲ್ಲಿ ಒಂದು ಪುಟ್ಟ ಲಂಗವಿತ್ತು. ಹಸಿರು ಬಣ್ಣದ್ದು, ಕೆಳಗೆ ಇಳಕಲ್ ಸೀರೆಯ ಸೆರಗಿನ ಕೆಂಪು ತೆನೆಯ ಚಿತ್ತಾರ. ನಡುಪಟ್ಟಿಯ ಗಂಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ನೆನೆದು ಮುದ್ದೆಯಾಗಿತ್ತು. ಆ ಸೀರೆ ಆತನೇ ಮದುವೆಗೆ ಹೆಂಡತಿಗೆ ತಂದದ್ದು. ಆ ಹೊಲಿಗೆಯೂ ಆಕೆ ಹಳೆ ಬಟ್ಟೆ ಕೂಡಿಸಿ ಹೊಲಿದ, ಆತ ಹೊದೆಯುವ ಕೌದಿಯ ಹೊಲಿಗೆಯೇ.

"ಯಾರದೋ ಹರಕಿ ಇರಬೇಕು. ಗುರ್ತು ಹತ್ತೇನು?" ಎಂದರು ಮೆಟ್ಟಿಲ ಮೇಲೆ ಕಾದಿದ್ದ ರಾಯರು.

"ಇಲ್ರಿ."

"ಕಸ ಅಂತ ಬರಿ. ಈ ಸಲ ನಾ ಸಂಭಾಳಸ್ತೀನಿ. ಇನ್ನೊಮ್ಮೆ ನಿಂತ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ ನೋಡಪಾ."

ಕಸ ಎಂದು ಬರೆಯಲು ವೀರಪ್ಪನ ಕೈ ಏಳಲಿಲ್ಲ. ಬಟ್ಟೆಯಲ್ಲವೇ ಎಂದುಕೊಂಡು ‘ಅರಿವಿ’ ಎಂದಷ್ಟೇ ಬರೆದ.

ಹೊತ್ತು ಮುಳುಗುವಾಗ ಮನೆಗೆ ಬಂದು ಒದ್ದೆ ಲಂಗವನ್ನು ಹೆಂಡತಿಯ ಮುಂದಿಟ್ಟ. ಗುರವ್ವ ಅದನ್ನು ನೋಡಿದಳು, ಗಂಡನನ್ನು ನೋಡಿದಳು. ಎದೆಹಾಲು ಕುಡಿಯುವಾಗಲೇ ತೀರಿಕೊಂಡ ಮಗಳನ್ನು ಹೊಲದ ಬದುವಿನ ಬನ್ನಿಗಿಡದ ಕೆಳಗೆ ಮಣ್ಣು ಮಾಡಿದ್ದರು. ಮರುವರ್ಷ ನೀರು ಬಂತು. ಆಮೇಲೆ ಆ ಕೂಸಿನ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

"ಮೊದಲ ಕೂಸಿನ ತಲೀಗೆ ಕುಂಚಿಗಿ ಹೊಲದ್ನಿ, ಆಮ್ಯಾಲ ಅಂಗಿ ಹೊಲದ್ನಿ, ಅಮಾಸಿಗೊಂದು ನೀರಾಗ ಬಿಟ್ನಿ," ಎಂದಳು ಗುರವ್ವ. "ಈಗ ಇಂಥಾ ಪರಕಾರ ಉಡೂವಷ್ಟು ಆಗ್ಯಾಳಲ್ರಿ. ಸಾಲಿಗಿ ಹೋಗೂ ವಯಸ್ಸು."

"ಆಕಿ ಇನ್ನೂ ಅಲ್ಲೇ ಅದಾಳಂತ ಮಾಡೀಯೇನು?"

"ಮತ್ತೆಲ್ಲಿ ಹೋಗ್ತಾಳ್ರಿ? ಬಿಟ್ಟು ಬಂದಾವ್ರು ನಾವು."

ವೀರಪ್ಪ ಒದ್ದೆ ಲಂಗದ ನೆರಿಗೆ ಸರಿಮಾಡಿದ. ಆದರೂ ಹೇಳಬೇಕಾದದ್ದನ್ನು ಹೇಳಿದ: "ಅದು ಜಾಳಿಗಿಗೆ ಸಿಕ್ಕೊಂಡು ಮೋಟಾರು ನಿಲ್ಲಾಕ ಹತ್ತೈತಿ. ಇನ್ನೊಮ್ಮೆ ನಿಂತ್ರ ನೌಕರಿ ಹೋಗತೈತಿ."

"ಹಂಗಾರ ಇನ್ನ ಬಿಡೂದಿಲ್ರಿ," ಎಂದಳು ಆಕೆ. ಜಗಳ ತೆಗೆಯಲಿಲ್ಲ, ಅಳಲಿಲ್ಲ. ಲಂಗವನ್ನು ಹಿಂಡಿ, ಒಣಗಿಸಿ, ಮಡಚಿ ಟ್ರಂಕಿನಲ್ಲಿಟ್ಟಳು. ಅಂದಿನಿಂದ ಸೂಜಿ ಮುಟ್ಟಲಿಲ್ಲ. ಕೌದಿ ಹೊಲಿಯಲೆಂದು ಮಂದಿ ಕೊಟ್ಟುಹೋದ ಬಟ್ಟೆಗಳು ಮೂಲೆಯಲ್ಲಿ ಬಿದ್ದಲ್ಲೇ ಬಿದ್ದಿದ್ದವು. ಕೇಳಿದರೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದಳು. ಆಕೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸುತ್ತಿತ್ತು ವೀರಪ್ಪನಿಗೆ.

ಮರುತಿಂಗಳು ಅವರಾತ್ರಿ ಅಮಾವಾಸ್ಯೆಯ ದಿನ ಆತ ಡ್ಯೂಟಿಯ ನಡುವೆಯೇ ಮನೆಗೆ ಬಂದ. "ಆ ಪರಕಾರ ತಗೊಂಡು ನಡಿ," ಎಂದ. ಗುರವ್ವ ಟ್ರಂಕು ತೆರೆದಳು.

ಪಂಪ್‌ಹೌಸಿಗೆ ಬಂದು ವೀರಪ್ಪ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದ. ಮೋಟಾರು ಗುಂಯ್ ಎನ್ನುತ್ತ ಅಡಗಿತು. ರಜಿಸ್ಟರಿನಲ್ಲಿ ಹೊತ್ತು ಬರೆದು, ‘ಕಾರಣ’ದ ಕಾಲಮ್ಮಿಗೆ ಬಂದಾಗ ಪೆನ್ಸಿಲು ನಿಂತಿತು. ‘ನಾನ ನಿಲ್ಲಿಸೇನಿ’ ಎಂದು ಬರೆದು, ಹೆಸರು ಹಾಕಿ ಹೊರಗೆ ಬಂದ.

ಗುರವ್ವ ಮೆಟ್ಟಿಲ ಮೇಲೆ ಕುಳಿತು ಲಂಗವನ್ನು ನೀರಿಗೆ ಬಿಟ್ಟಿದ್ದಳು. ಎಳೆಯುವವರಿಲ್ಲದ ನೀರು ಸುಮ್ಮನಿತ್ತು. ಲಂಗ ನೆರಿಗೆ ಬಿಚ್ಚಿ ಅಗಲವಾಯಿತು, ಜಾಳಿಗೆ ಇದ್ದ ಜಾಗವನ್ನು ದಾಟಿ ಬನ್ನಿಗಿಡ ಇದ್ದ ಕಡೆಗೆ ನಿಧಾನ ಸರಿಯಿತು.

"ಚಾಲೂ ಮಾಡ್ರಿ," ಎಂದಳು ಗುರವ್ವ. "ಮಂದಿ ಕೊಡ ಇಟಗೊಂಡು ಕಾಯತಿರತಾರ."

"ತಡಿ," ಎಂದು ವೀರಪ್ಪ ಆಕೆಯ ಪಕ್ಕದಲ್ಲಿ ಕುಳಿತ. "ಇನ್ನೂ ಮುಳುಗಿಲ್ಲ."