ತನ್ನ ಪಾಲಿನ ಕಣ್ಣೀರು

ಸಿಪ್ರಿಯನ್ ಕುಡಿತ ಬಿಟ್ಟನೆಂದು ಕಳಸದಲ್ಲಿ ಸಂತೋಷಪಡದವರೇ ಇರಲಿಲ್ಲ, ಅವನ ಹೆಂಡತಿ ಫ್ಲಾವಿಯಾ ಒಬ್ಬಳನ್ನು ಬಿಟ್ಟರೆ.

ಮೊದಮೊದಲು ಅವಳಿಗೂ ಸಂತೋಷವೇ ಆಗಿತ್ತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮೂಡಿಗೆರೆಯಲ್ಲಿ ನಡೆದ ಧ್ಯಾನಕೂಟಕ್ಕೆ ಫಾದರ್ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿದ್ದರು. ಹೋಗುವಾಗ ತೂರಾಡುತ್ತಿದ್ದವನು ಬರುವಾಗ ನೆಟ್ಟಗೆ ನಡೆದು ಬಂದ. ಕಣ್ಣು ಊದಿಕೊಂಡಿತ್ತು. ಬಂದವನೇ ಸ್ನಾನ ಮಾಡಿ, ಗೋಡೆಯ ಮೇಲಿನ ಯೇಸುವಿನ ಪಟದ ಮುಂದೆ ಮಂಡಿಯೂರಿದ. ಫ್ಲಾವಿಯಾ ಹೊಲಿಗೆ ಮಿಷನ್ ನಿಲ್ಲಿಸಿ ನೋಡುತ್ತ ಕುಳಿತಳು. ಮದುವೆಯಾದಾಗಿನಿಂದ ಅವಳು ಬೇಡಿಕೊಂಡದ್ದು ಇದನ್ನೇ. ಈಗ ಇವನು ಎದ್ದು ತನ್ನ ಕಡೆ ತಿರುಗುತ್ತಾನೆ, ಏನಾದರೂ ಹೇಳುತ್ತಾನೆ ಎಂದು ಕಾದಳು. ಅವನು ಎದ್ದ, ಅವಳ ಮುಖ ನೋಡದೆ ಜೀಪಿನ ಕೀ ತೆಗೆದುಕೊಂಡು ಹೊರಗೆ ಹೋದ.

ಕಳಸದಿಂದ ಸಂಸೆಗೆ ಅವನು ಬಾಡಿಗೆ ಜೀಪು ಓಡಿಸುತ್ತಿದ್ದ. ಆ ದಾರಿಯಲ್ಲಿ ಅವನ ಬಾಯಿಗೆ ಬೀಳದವರು ಕಡಿಮೆ. ಈಗ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಕ್ಷಮೆ ಕೇಳತೊಡಗಿದ. ತಮ್ಮ ಹೆಂಡತಿಯ ರವಿಕೆ ಬಟ್ಟೆಯನ್ನು ಹೊಲಿಗೆಗೆ ಕೊಡಲು ಬಂದ ಸಂಸೆಯ ಕೃಷ್ಣಪ್ಪಗೌಡರು ಬಾಗಿಲಲ್ಲೇ ನಿಂತು ಹೇಳಿದರು:

"ನನ್ನನ್ನ ನಡುದಾರೀಲಿ ಇಳಿಸಿ ಬಾಯಿಗೆ ಬಂದ ಹಾಗೆ ಬೈದಿದ್ನಲ್ಲ, ಅದಕ್ಕೆ ನಿನ್ನೆ ತೋಟಕ್ಕೇ ಬಂದು ಕಾಲಿಗೆ ಬಿದ್ದ ನೋಡಮ್ಮ. ಕಣ್ಣಲ್ಲಿ ನೀರು. ನಂಗೇ ಅಳು ಬಂತು. ಪುಣ್ಯವಂತೆ ನೀನು."

"ಹೌದಾ ಗೌಡ್ರೇ," ಎಂದಳು ಫ್ಲಾವಿಯಾ. ಅವರು ಹೋದ ಮೇಲೆ ಅಳತೆ ತಪ್ಪಿ ಬಟ್ಟೆ ಕತ್ತರಿಸಿದಳು.

ಕೃಷ್ಣಪ್ಪಗೌಡರಿಗೆ ಸಿಕ್ಕಿದ್ದು ಒಂದು ದಿನದ ಬೈಗುಳ. ಅದಕ್ಕೇ ಅವರ ಕಾಲಿಗೆ ಅಷ್ಟು ಕಣ್ಣೀರು ಬಿತ್ತು. ತಾನು? ತನ್ನ ಮುಂದಿನ ಹಲ್ಲು ಮುರಿದವನು, ಹಬ್ಬದ ಅಡುಗೆಯನ್ನು ಅಂಗಳಕ್ಕೆ ಒದ್ದವನು, ತನ್ನ ಪಾಲಿಗೆ ಒಂದು ಹನಿಯನ್ನೂ ಇಟ್ಟಿರಲಿಲ್ಲ.

ಬುಧವಾರ ಸಂಜೆ ನರ್ಸ್ ಸೌಮ್ಯಳ ಮನೆಯಲ್ಲಿ ಪ್ರಾರ್ಥನಾಕೂಟ ನಡೆಯುತ್ತಿತ್ತು. ಸಿಪ್ರಿಯನ್ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಒಮ್ಮೆ ಫ್ಲಾವಿಯಾಳೂ ಹೋದಳು. ಅವನು ಎದ್ದು ನಿಂತು, "ನಾನು ದೊಡ್ಡ ಪಾಪಿ. ಮನೆಯವ್ರಿಗೆ ಬಾಳ ಕಷ್ಟ ಕೊಟ್ಟಿದ್ದೀನಿ," ಎಂದು ಬಿಕ್ಕಿದ. ಎಲ್ಲರೂ ಕಣ್ಣೊರೆಸಿಕೊಂಡರು. ಸೌಮ್ಯ ಓಡಿಹೋಗಿ ನೀರು ತಂದುಕೊಟ್ಟಳು. ಅವನು ಆ ಲೋಟ ತೆಗೆದುಕೊಳ್ಳುವಾಗ ಅವನ ಮುಖದಲ್ಲಿ ಮೂಡಿದ ಮೃದುತನವನ್ನು ಫ್ಲಾವಿಯಾ ಹಿಂದೆಂದೂ ಕಂಡಿರಲಿಲ್ಲ. ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಅಂದಿನಿಂದ ಸೌಮ್ಯಳ ಮೇಲೆ ಕಣ್ಣಿಟ್ಟಳು. ಯಾವ ಸೀರೆ ಉಟ್ಟಳು, ಜೀಪಿನಲ್ಲಿ ಮುಂದೆ ಕೂತಳೋ ಹಿಂದೆ ಕೂತಳೋ ಎಂದು ನೋಡಿದಳು. ಏನೂ ಸಿಗಲಿಲ್ಲ. ಸೌಮ್ಯ ಅವನನ್ನು 'ಅಣ್ಣ' ಎನ್ನುತ್ತಿದ್ದಳು, ಅವಳ ನಡತೆಯೂ ಹಾಗೆಯೇ ಇತ್ತು. ತಪ್ಪು ಸಿಗದೆ ಹೋದದ್ದರಿಂದ ಫ್ಲಾವಿಯಾಳ ಉರಿ ಇನ್ನೂ ಹೆಚ್ಚಾಯಿತು. ತಪ್ಪು ಸಿಕ್ಕಿದ್ದರೆ ಸೌಮ್ಯಳನ್ನು ಬೈಯಬಹುದಿತ್ತು. ಪಟದಲ್ಲಿದ್ದ ಯೇಸುವನ್ನು ಬೈಯುವುದು ಹೇಗೆ? ಸಿಪ್ರಿಯನ್ ಬೆಳಗಿನ ಜಾವ ಎದ್ದು ಆ ಪಟದ ಮುಂದೆ ಅಷ್ಟು ಮೆಲ್ಲಗೆ, ಅಷ್ಟು ಸಲಿಗೆಯಿಂದ ಮಾತನಾಡುವಾಗ, ಅವಳು ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಕುಕ್ಕುತ್ತಿದ್ದಳು. ಅವನು ದನಿಯನ್ನು ಇನ್ನಷ್ಟು ತಗ್ಗಿಸುತ್ತಿದ್ದನೇ ಹೊರತು ಏನೂ ಅನ್ನುತ್ತಿರಲಿಲ್ಲ. ಮೊದಲಾಗಿದ್ದರೆ ಬೈಯುತ್ತಿದ್ದ. ಆ ಬೈಗುಳವಾದರೂ ತನ್ನದಾಗಿತ್ತು ಎಂದು ಅವಳಿಗೆ ಅನ್ನಿಸಿದ್ದೂ ಉಂಟು.

ಈಸ್ಟರ್ ಕಳೆದು ಐವತ್ತನೇ ದಿನದ ಪೆಂತೆಕೋಸ್ತ್ ಹಬ್ಬ ಹತ್ತಿರ ಬಂತು. ಆ ಭಾನುವಾರ ಸಂಜೆ ಇಗರ್ಜಿಯಲ್ಲಿ ಎಲ್ಲರ ಮುಂದೆ ಸಿಪ್ರಿಯನ್ ತಾನು ಬದಲಾದ ಬಗೆಗೆ ಸಾಕ್ಷಿ ಹೇಳಬೇಕೆಂದು ಫಾದರ್ ಪ್ರಕಟಿಸಿದರು. ಮತ್ತೆ ಅಳುತ್ತಾನೆ, ಊರೆಲ್ಲ ಮತ್ತೆ ಇವನನ್ನು ಹೊಗಳುತ್ತದೆ ಎಂದುಕೊಂಡಳು ಫ್ಲಾವಿಯಾ.

ಹಬ್ಬದ ಹಿಂದಿನ ದಿನ ಅವಳು ಜೀಪ್ ಸ್ಟ್ಯಾಂಡಿಗೆ ಹೋಗಿ, ಮೊದಲು ಗಂಡನ ಜೊತೆ ಕುಡಿಯುತ್ತಿದ್ದ ದಿಲೀಪನನ್ನು ಕರೆದಳು.

"ನಂಗೊಂದು ಬಾಟ್ಲಿ ತಂದುಕೊಡು. ಹಬ್ಬಕ್ಕೆ ನೆಂಟರು ಬರ್ತಾರೆ."

"ಅಕ್ಕಾ, ಅವ್ನಿರೋ ಮನೇಲಿ ಇಡ್ತೀರಾ?" ದಿಲೀಪ ತಲೆ ಕೆರೆದುಕೊಂಡ. "ಪಾಪ, ಈಗಷ್ಟೇ ಸರಿಯಾಗಿದ್ದಾನೆ ಮಾರಾಯ್ರೇ."

"ಅವ್ರು ಈಗ ಸಂತರಲ್ವಾ? ಬಾಟ್ಲಿ ಏನು ಮಾಡುತ್ತೆ?"

ಭಾನುವಾರ ಮಧ್ಯಾಹ್ನ ಹಂದಿಮಾಂಸದ ಸಾರು, ಕಡುಬು ಮಾಡಿದಳು. ಊಟದ ಮೇಜಿನ ಮೇಲೆ ದಿಲೀಪ ತಂದುಕೊಟ್ಟ ಬಾಟಲಿ ಇಟ್ಟು, ಪಕ್ಕದಲ್ಲಿ ಅವನು ಕುಡಿಯುತ್ತಿದ್ದ ದಪ್ಪ ಗಾಜಿನ ಲೋಟ ಇಟ್ಟಳು. ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು.

ಸಿಪ್ರಿಯನ್ ಒಳಗೆ ಬಂದ. ಬಾಟಲಿ ನೋಡಿ ನಿಂತ. "ಫ್ಲಾವೀ," ಎಂದು ಮೆಲ್ಲಗೆ ಕರೆದ. ಅವಳು ಓಗೊಡಲಿಲ್ಲ. ಅವನು ಬಾಗಿಲ ಕಡೆಗೆ ಎರಡು ಹೆಜ್ಜೆ ಹೋಗಿ ತಿರುಗಿ ಬಂದ. ಕುರ್ಚಿಯ ಮೇಲೆ ಕುಳಿತ. ಹಣೆಯ ಬೆವರು ಒರೆಸಿಕೊಂಡ. ಕೊನೆಗೆ ಮುಚ್ಚಳ ತಿರುಗಿಸಿ ಲೋಟಕ್ಕೆ ಬಗ್ಗಿಸಿದ. ಬಾಟಲಿ ಲೋಟದ ಅಂಚಿಗೆ ಟಕಟಕ ಬಡಿಯಿತು.

ಕುಡಿ, ಎಂದು ಫ್ಲಾವಿಯಾ ಮನಸ್ಸಿನಲ್ಲೇ ಅಂದಳು. ಕುಡಿಯೋ ಹಾಗೆ ಮಾಡು ದೇವರೇ, ಒಂದು ಸಲ.

ಆಗ ಅವಳಿಗೆ ತಾನು ಯಾರನ್ನು ಕರೆದೆ, ಏನು ಬೇಡಿದೆ ಎಂಬುದು ಕಿವಿಗೆ ಬಿದ್ದಂತಾಯಿತು. ಇಷ್ಟು ವರ್ಷ ಜಪಸರ ಹಿಡಿದು ಬೇಡಿಕೊಂಡದ್ದನ್ನು ಇವತ್ತು ಅದೇ ದೇವರ ಹತ್ತಿರ ವಾಪಸು ತೆಗೆದುಕೋ ಎನ್ನುತ್ತಿದ್ದಳು. ಅದೂ ಖುಷಿಯಿಂದ. ಆ ಖುಷಿ ಎದೆಯಲ್ಲಿ ಕುಣಿಯುತ್ತಿರುವುದು ಅವಳಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಕುಡಿದು ಬಂದು ಹೊಡೆಯುವಾಗ ಅವನ ಕಣ್ಣಲ್ಲಿ ಇರುತ್ತಿದ್ದುದೂ ಇಂಥದ್ದೇ ಏನೋ ಎಂದು ಹೊಳೆಯಿತು.

"ಬೇಡ!" ಎಂದು ಓಡಿಬಂದು ಲೋಟಕ್ಕೆ ಕೈ ಹಾಕಿದಳು. ಅವನು ಬಿಡಲಿಲ್ಲ. ಇಬ್ಬರೂ ಜಗ್ಗಾಡಿದರು. ಅರ್ಧ ಅವನ ಅಂಗಿಗೆ, ಅರ್ಧ ಅವಳ ಸೀರೆಗೆ ಚೆಲ್ಲಿತು. ಕೊನೆಗೆ ಅವನು ಕೈ ಸಡಿಲಿಸಿದ.

"ನಾನೇ ಇಟ್ಟಿದ್ದು," ಎಂದಳು. "ನೀವು ಬೀಳ್ಬೇಕು ಅಂತ್ಲೇ ಇಟ್ಟೆ."

"ಗೊತ್ತಾಯ್ತು. ಈ ಮನೇಲಿ ಬೇರೆ ಯಾರಿದ್ದಾರೆ ಇಡೋಕೆ?"

"ಊರೋರ ಕಾಲೆಲ್ಲ ಹಿಡಿದ್ರಲ್ಲ. ಗೌಡ್ರ ಕಾಲು, ಕಂಡಕ್ಟರ್ ಕಾಲು, ಕಾಫಿ ಹೋಟ್ಲೋನ ಕಾಲು. ನಾನು ನಿಮ್ಮ ಕಣ್ಣಿಗೆ ಕಾಣ್ಲೇ ಇಲ್ವಾ? ಆ ಸೌಮ್ಯನ ಮನೇಲಿ ಅಳೋಕೆ ಆಗುತ್ತೆ, ಇಲ್ಲಿ ಆಗಲ್ವಾ?"

ಸಿಪ್ರಿಯನ್ ಒದ್ದೆ ಅಂಗಿಯನ್ನು ಮೈಯಿಂದ ಬಿಡಿಸಿಕೊಳ್ಳುತ್ತ ಕುಳಿತಿದ್ದ.

"ಅವ್ರ ಹತ್ರ ಕೇಳೋದು ಸುಲಭ ಫ್ಲಾವಿ. ಒಬ್ಬೊಬ್ರಿಗೆ ಒಂದೊಂದು ತಪ್ಪು. ಕೇಳಿದ್ರೆ ಮುಗೀತು. ನಿನ್ನ ಹತ್ರ ಎಲ್ಲಿಂದ ಶುರು ಮಾಡ್ಲಿ? ದಿನಾ ಬೆಳಿಗ್ಗೆ ಅದನ್ನೇ ಕೇಳ್ತೀನಿ ಅಲ್ಲಿ." ಪಟದ ಕಡೆ ಗದ್ದ ಎತ್ತಿದ. "ನೀನು 'ಇಲ್ಲ' ಅಂದ್ರೆ ಆಮೇಲೆ ನಂಗೆ ಏನೂ ಉಳಿಯಲ್ಲ ಅಂತ ಹೆದ್ರಿಕೆ."

"ನಾನು 'ಇಲ್ಲ' ಅಂದ್ರೂ ಕೇಳ್ಬೇಕಿತ್ತು."

"ಹೌದು. ಕೇಳ್ಬೇಕಿತ್ತು."

ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತ. ಫ್ಲಾವಿಯಾಳ ತಾಯಿ ತೀರಿಹೋದ ದಿನದಿಂದ ಶುರು ಮಾಡಿದ. ಅಂದು ಅವನು ಜೀಪಿನಲ್ಲೇ ಕುಡಿದು ಮಲಗಿದ್ದ. ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗಿ ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅವಳು ಕಾದಿದ್ದ ಕಣ್ಣೀರು ಈಗ ಅವನ ಕಣ್ಣಲ್ಲಿ ಬಂತು. ಆದರೆ ಅದನ್ನು ನೋಡಿ ತನಗೆ ತೃಪ್ತಿಯಾಗುತ್ತದೆಂದು ಎಣಿಸಿದ್ದವಳಿಗೆ ಅಂಥದ್ದೇನೂ ಆಗಲಿಲ್ಲ. ಅವ್ವನ ನೆನಪಾಗಿ ತಾನೂ ಅತ್ತಳು.

"ಕ್ಷಮಿಸ್ತೀಯಾ?" ಎಂದ.

"ಇವತ್ತು ಗೊತ್ತಿಲ್ಲ ನಂಗೆ," ಎಂದಳು ಫ್ಲಾವಿಯಾ. "ನೀವು ಅಂಗಿ ಬದಲಾಯಿಸಿ."

ಸಂಜೆ ಇಬ್ಬರೂ ಮುಂಚೆಯೇ ಇಗರ್ಜಿಗೆ ಹೋದರು. ಸಿಪ್ರಿಯನ್ ಫಾದರ್ ಹತ್ತಿರ ಹೋಗಿ, ಇವತ್ತು ತಾನು ಸಾಕ್ಷಿ ಹೇಳುವುದಿಲ್ಲ, ಮನೆಯಲ್ಲಿ ಮುಗಿಸುವುದು ಬಾಕಿ ಇದೆ ಎಂದ. ಫ್ಲಾವಿಯಾ ಫಾದರ್ ಹತ್ತಿರ ಪಾಪನಿವೇದನೆಗೆ ಮಂಡಿಯೂರಿದಳು. ಪ್ರತಿ ಸಲ ಬೇಸರದಿಂದ ಪೂಜೆ ತಪ್ಪಿಸಿದ್ದು, ಅಕ್ಕಪಕ್ಕದವರನ್ನು ಬೈದದ್ದು ಇಷ್ಟೇ ಹೇಳಿ ಏಳುತ್ತಿದ್ದವಳು ಇವತ್ತು ಅವನ್ನೆಲ್ಲ ಬಿಟ್ಟು ನೇರವಾಗಿ ಹೇಳಿದಳು.

"ಫಾದರ್, ದೇವರು ನನ್ನ ಗಂಡನ್ನ ಎತ್ತಿದ್ದು ನಂಗೆ ಸಹಿಸೋಕೆ ಆಗ್ಲಿಲ್ಲ. ನನ್ನ ಕೈಯಾರೆ ತಳ್ಳೋಕೆ ಹೋದೆ."

"ಅವ್ರನ್ನ ಎತ್ತಿದ ಕೈ ನಿನ್ನ ಕಡೆಗೂ ಚಾಚಿದೆಯಮ್ಮ," ಎಂದರು ಫಾದರ್. "ಇಷ್ಟು ವರ್ಷ ನೊಂದವಳು ನೀನು. ಆ ನೋವನ್ನೂ ದೇವರ ಹತ್ತಿರ ಹೇಳು, ಮುಚ್ಚಿಡಬೇಡ."

ಎದ್ದು ಬಂದು ಅವಳು ಹಿಂದಿನ ಬೆಂಚಿನಲ್ಲಿದ್ದ ಸೌಮ್ಯಳ ಪಕ್ಕ ಕುಳಿತಳು. "ನಿನ್ನ ಮೇಲೆ ನಂಗೆ ತುಂಬಾ ಹೊಟ್ಟೆಕಿಚ್ಚಿತ್ತು ಕಣೇ," ಎಂದು ಪಿಸುಗುಟ್ಟಿದಳು. ಸೌಮ್ಯ ಗಾಬರಿಯಿಂದ ನೋಡಿದಳು. ಫ್ಲಾವಿಯಾ ಮತ್ತೇನೂ ವಿವರಿಸಲಿಲ್ಲ, ಅವಳ ಕೈ ಮಾತ್ರ ಹಿಡಿದುಕೊಂಡಳು.

ಆಮೇಲೆ ಎಲ್ಲವೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಸಿಪ್ರಿಯನ್ ಜೀಪು ನಿಲ್ಲಿಸಿ ಬಂದ ಮೇಲೆ, ಊಟಕ್ಕೆ ಮುಂಚೆ, ನೆನಪಿಗೆ ಬಂದ ಒಂದು ತಪ್ಪನ್ನು ಹೇಳಿ ಕ್ಷಮೆ ಕೇಳುತ್ತಿದ್ದ. ಕೆಲವು ದಿನ ಅವಳು "ಆಯ್ತು" ಎನ್ನುತ್ತಿದ್ದಳು, ಕೆಲವು ದಿನ "ಇದು ಇವತ್ತಾಗಲ್ಲ, ಇನ್ನೊಂದಿನ ಕೇಳಿ" ಎನ್ನುತ್ತಿದ್ದಳು. ಪೂಜೆ ಮುಗಿದು ಜನ ಅವನನ್ನು ಮುತ್ತಿಕೊಂಡು ಹೊಗಳುವಾಗ ಅವಳ ಹೊಟ್ಟೆಯಲ್ಲಿ ಈಗಲೂ ಚುರ್ ಎನ್ನುವುದುಂಟು. ಆಗ ಅವಳು ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡು ಬರುವುದಿಲ್ಲ. "ನೋಡಿ, ಇವತ್ತೂ ಉರೀತು ನಂಗೆ," ಎಂದು ಅವನಿಗೇ ಹೇಳಿಬಿಡುತ್ತಾಳೆ. ಆಮೇಲೆ ಇಬ್ಬರೂ ಪಟದ ಮುಂದೆ ಒಟ್ಟಿಗೆ ಮಂಡಿಯೂರುತ್ತಾರೆ.