ಉಳಿದ ಚಾರ್ಜು

ಸೊಸೆ ಶೈಲಾ ಅಣ್ಣಿಗೇರಿಯವರೆಗೆ ಹೋಗುತ್ತಲೇ ಇಲ್ಲ ಎಂದು ಶಲವಡಿಯ ಈರಬಸಪ್ಪನಿಗೆ ಖಾತ್ರಿಯಾದದ್ದು ಕರೆಂಟಿನ ಸ್ಕೂಟರ್ ಮನೆಗೆ ಬಂದ ಎರಡನೆಯ ವಾರದಲ್ಲಿ. ಯಾರೂ ಚಾಡಿ ಹೇಳಿರಲಿಲ್ಲ. ಗಾಡಿಯೇ ಹೇಳಿತ್ತು.

ಆದದ್ದಿಷ್ಟು. ರವಿವಾರ ಈತ ತಾನೇ ಅಣ್ಣಿಗೇರಿಗೆ ಹೋಗಿ ಬಂದಾಗ ಚಾರ್ಜು ನೂರರಿಂದ ನಲವತ್ತಕ್ಕೆ ಇಳಿದಿತ್ತು. ರಾತ್ರಿ ಮತ್ತೆ ನೂರಕ್ಕೆ ತುಂಬಿಸಿದ್ದಾಯಿತು. ಸೋಮವಾರ ಶೈಲಾ ಅಲ್ಲಿಯ ರಕ್ತ ತಪಾಸಣೆಯ ಲ್ಯಾಬಿಗೆ ಕೆಲಸಕ್ಕೆ ಹೋಗಿ ಬಂದಳು, ಅರವತ್ತೆಂಟು ಉಳಿದಿತ್ತು. ಮಂಗಳವಾರ ಅರವತ್ತೇಳು. ಅದೇ ಗಾಡಿ, ಅದೇ ರಸ್ತೆ. ನಲವತ್ತು ವರ್ಷ ಫಟಫಟಿ ಓಡಿಸಿದ ತನಗೇ ಉಳಿಯದ ಚಾರ್ಜು ಮೊನ್ನೆ ಮೊನ್ನೆ ಗಾಡಿ ಕಲಿತ ಈಕೆಗೆ ಹೇಗೆ ಉಳಿಯಬೇಕು? ಅರ್ಧ ದಾರಿಯಲ್ಲೇ ನಿಲ್ಲಿಸುತ್ತಾಳೆ, ಸುಳ್ಳಲ್ಲ. ಎಲ್ಲಿ? ಯಾರ ಹತ್ತಿರ? ಅಲ್ಲಿಗೆ ಬಂದರೆ ಅವನ ತಲೆ ಗಿರ್ರೆನ್ನುತ್ತಿತ್ತು.

ಆಮೇಲೆ ಕೇಳಬೇಕೆ! ಸಂಜೆ ಶೈಲಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳೋ ಇಲ್ಲವೋ, ಈತ ಚಸಮಾ ಏರಿಸಿಕೊಂಡು, ಕೀಲಿ ತಿರುವಿ, ಎತ್ತಿನ ಹಲ್ಲು ನೋಡುವವರ ಹಾಗೆ ಬಗ್ಗಿ ಅಂಕಿ ನೋಡುವನು.

"ದಿನಾ ಏನ್ ನೋಡಾಕತ್ತೀರಿ ಅದರಾಗ?" ಎಂದು ಹೆಂಡತಿ ಕಸ್ತೂರೆವ್ವ ಬುಧವಾರ ಕೇಳಿಯೇಬಿಟ್ಟಳು.

"ನಿನ್ನ ಸೊಸಿ ಅಣ್ಣಿಗೇರಿಗಿ ಹೋಗಂಗಿಲ್ಲ. ನಾ ಲೆಕ್ಕಾ ಹಾಕೇನಿ. ಶನಿವಾರ ಹೇಮಂತ ಬರ್ಲಿ, ಅಕಿ ಕೆಲಸಾ ಬಿಡಸ್ತೀನಿ." ಮಗ ಹೇಮಂತ ಗದಗಿನ ಕಡೆ ಬೆಳೆ ಕೊಯ್ಯುವ ಮಷಿನ್ ಓಡಿಸಲು ಹೋಗಿದ್ದ.

"ಹುಚ್ಚುಗಿಚ್ಚು ಹಿಡದೈತೇನ್ರಿ ನಿಮಗ? ಆ ಹುಡುಗಿ ಕಲತದ್ದ ಈ ಕೆಲಸಕ್ಕ. ಬಿಡಿಸಿದ್ರ ಅಕಿ ಉಳೀತಾಳೇನು?"

"ನಿನಗ ತಿಳಿಯಂಗಿಲ್ಲ, ಸುಮ್ನಿರು."

ಗುರುವಾರ ಶೈಲಾ ಹೊರಟ ಹಿಂದೆಯೇ ಈತ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕಿಟಕಿಗೆ ಮುಖ ಹಚ್ಚಿ ಒಂದೊಂದು ಗಿಡದ ನೆರಳು, ಒಂದೊಂದು ಚಹಾದಂಗಡಿ ಬಿಡದೆ ನೋಡಿದ. ನೀಲಿ ಸ್ಕೂಟರ್ ಎಲ್ಲೂ ಕಾಣಲಿಲ್ಲ. ಅಣ್ಣಿಗೇರಿಯಲ್ಲಿ ಲ್ಯಾಬಿನ ಬಾಗಿಲು ನೂಕಿದರೆ ಎದುರಿಗೇ ಶೈಲಾ. ಬಿಳಿ ಕೋಟು ಹಾಕಿಕೊಂಡು ಒಬ್ಬ ಮುದುಕಿಯ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಳು.

"ಮಾವಾರ! ಯಾಕ್ರೀ, ಆರಾಮಿಲ್ಲೇನ್ರಿ?" ಅವಳಿಗೆ ಗಾಬರಿ.

"ಸಕ್ಕರಿ... ಸಕ್ಕರಿ ತೋರಸೂಣು ಅಂತ ಬಂದೆ."

ಹೇಳಿದ ಸುಳ್ಳಿಗೆ ಸೂಜಿ ಚುಚ್ಚಿಸಿಕೊಂಡದ್ದಾಯಿತು. ಆದರೆ ಅನುಮಾನ ಅಷ್ಟಕ್ಕೆ ಬಿಡುವ ಪೈಕಿಯೇ? ಇವತ್ತೊಂದು ದಿನ ಬಂದಿರಬಹುದು. ಹಾಗಾದರೆ ಆ ಉಳಿದ ಚಾರ್ಜಿನ ಮಾತೇನು? ಸಂಜೆಯವರೆಗೆ ಪೇಟೆ ಸುತ್ತಿ, ಅವಳ ಹಿಂದೆಯೇ ಗಾಡಿ ಏರಿದ. ಭುಜದ ಮೇಲಿನಿಂದ ಕಣ್ಣು ಅಂಕಿಯ ಮೇಲೆಯೇ.

ಹೊರಟಾಗ ಎಂಬತ್ತನಾಲ್ಕು. ಅರ್ಧ ದಾರಿಗೆ ಎಪ್ಪತ್ತೈದು. ತನ್ನಂಥ ಭಾರದ ಆಳನ್ನು ಕೂರಿಸಿಕೊಂಡೂ ಎಪ್ಪತ್ತೈದು! ಮೀಟರಿಗೇ ಏನೋ ಮಾಡಿಸಿದ್ದಾಳೆ ಎನಿಸಿತು.

"ತಾ ಇಲ್ಲೆ, ನಾ ಹೊಡೀತೀನಿ."

ಹ್ಯಾಂಡಲ್ ಕೈಗೆ ಬಂದದ್ದೇ ತಡ, ರೇಸ್ ಪೂರಾ ತಿರುವಿದ. ಗಾಡಿ ಜಿಗಿಯಿತು. ತಗ್ಗು ಬಂದರೆ ಗಕ್ಕನೆ ಬ್ರೇಕು, ದಾಟಿದರೆ ಮತ್ತೆ ಪೂರಾ ರೇಸ್. ಅವನ ಹಳೆಯ ಫಟಫಟಿ ರೇಸ್ ಬಿಟ್ಟರೆ ಬಂದ್ ಬೀಳುತ್ತಿತ್ತು. ಕೈಗೆ ಅದೇ ರೂಢಿ. ಎರಡು ಕಿಲೋಮೀಟರಿಗೆ ಅಂಕಿ ಅರವತ್ತೆಂಟಕ್ಕೆ ಬಂತು.

"ಮಾವಾರ, ಇದು ಬಂದ್ ಬೀಳಂಗಿಲ್ರಿ," ಎಂದಳು ಹಿಂದಿನಿಂದ ಶೈಲಾ. "ರೇಸ್ ಸಾವಕಾಶ ತಿರುವ್ರಿ. ತಗ್ಗು ದೂರಿಂದ ಕಂಡ ಕೂಡ್ಲೆ ಬಿಟ್ಟುಬಿಡ್ರಿ, ತಾನ ನಿಧಾನ ಆಕ್ಕೈತಿ. ಹಿಂಗ ತಿರುವಿದ್ರ ಚಾರ್ಜ್ ಎಲ್ಲಿ ಉಳೀತೈತ್ರಿ?"

ಹಾಗೇ ಮಾಡಿದ. ಗಾಡಿ ಸರಾಗವಾಗಿ ಹರಿಯಿತು, ಅಂಕಿ ಇದ್ದಲ್ಲೇ ಇತ್ತು. ಎದೆಯ ಮೇಲಿನ ಗುಂಡುಕಲ್ಲು ಇಳಿದಂತಾಗಿ ಈರಬಸಪ್ಪ ಗಟ್ಟಿಯಾಗಿ ನಕ್ಕುಬಿಟ್ಟ.

"ಅಯ್ಯ ಶಿವನ! ಅದಕ್ಕ ನಿಂದು ದಿನಾ ಅರವತ್ತರ ಮ್ಯಾಲ ಉಳೀತಿತ್ತು! ನಾ ಏನೋ ತಿಳಕೊಂಡಿದ್ದೆ..."

ಆಡಿ ನಾಲಿಗೆ ಕಚ್ಚಿಕೊಂಡ.

"ದಿನಾ ನೋಡ್ತಿದ್ರೇನ್ರಿ?" ಶೈಲಾಳ ದನಿ ಸಣ್ಣಗಿತ್ತು. "ಹಂಗಾದ್ರ ಸಕ್ಕರಿ ತೋರಸಾಕ ಬಂದಿದ್ದಿಲ್ಲ ನೀವು," ಎಂದಳು. ಈತ ತಗ್ಗು ನೋಡುವ ನೆವದಲ್ಲಿ ಕಣ್ಣು ರಸ್ತೆಗೆ ನೆಟ್ಟು ಊರ ದಾರಿ ಹಿಡಿದ.

ಶುಕ್ರವಾರ ಸ್ಕೂಟರ್ ಅಂಗಳದಲ್ಲೇ ಉಳಿಯಿತು. ಶೈಲಾ ಬುತ್ತಿ ಹಿಡಿದು ಬಸ್ಸಿಗೆ ನಡೆದುಹೋದಳು. ಸಂಜೆ ಕತ್ತಲಾಗುವ ಹೊತ್ತಿಗೆ ಬಂದು, ಕಟ್ಟೆಯ ಮೇಲೆ ಕೂತಿದ್ದ ಮಾವನ ಕೈಯಲ್ಲಿ ಎರಡು ಚೀಟಿ ಇಟ್ಟಳು.

"ಇವು ಏನವ್ವಾ?"

"ಬಸ್ಸಿನ ಟಿಕೆಟ್ರಿ. ಹೆಣಮಕ್ಕಳಿಗೆ ಪುಕ್ಕಟ ಆದ್ರೂ ಕೊಡ್ತಾರ. ಎಲ್ಲಿ ಹತ್ತಿದೆ, ಎಲ್ಲಿಗೆ ಹೋದೆ, ಎಷ್ಟೊತ್ತಿಗೆ, ಎಲ್ಲಾ ಬರದೈತಿ."

"ತಪ್ಪಾತು ಯವ್ವಾ. ನಾಳಿಂದ ಗಾಡಿ ತಗೊಂಡ ಹೋಗು."

"ಬ್ಯಾಡ್ರಿ ಮಾವಾರ. ಗಾಡಿ ಎಷ್ಟು ಖರ್ಚಾತು ಅಷ್ಟ ಹೇಳ್ತೈತಿ. ನಾ ಎಲ್ಲಿ ಹೋಗಿದ್ದೆ ಅಂತ ಇವು ಹೇಳ್ತಾವು. ದಿನಾ ತಂದು ಕೊಡ್ತೀನಿ, ಓದ್ಕೊಳ್ರಿ."

ಅವಳು ಒಳಗೆ ಹೋದಳು. ಈರಬಸಪ್ಪನಿಗೆ ಚೀಟಿ ಹರಿದೊಗೆಯಲೂ ಆಗಲಿಲ್ಲ, ಕಿಸೆಗೆ ಹಾಕಿಕೊಳ್ಳಲೂ ಆಗಲಿಲ್ಲ. ಕಸ್ತೂರೆವ್ವ ಊಟಕ್ಕೆ ಎರಡು ಸಲ ಕರೆದಳು. ಅವನು ಏಳಲಿಲ್ಲ.